ಬೆಟ್ಟಕ್ಕೆ ಹೊರಡುವ ಮುನ್ನ ಅಜ್ಜಿಯ ಮೊಣಕಾಲನ್ನು ಕೇಳಿ

ಪ್ರೀತಿಯ ಪುಟಾಣಿಗಳೇ, ನನ್ನ ವಯಸ್ಸಿನ ಗೆಳೆಯ ಗೆಳತಿಯರೇ,

ದಸರಾ ರಜೆ ಹತ್ತಿರ ಬಂತು. ನಿಮ್ಮ ಮನೆಗಳಲ್ಲೂ ರಾತ್ರಿ ಊಟದ ಹೊತ್ತಿಗೆ ‘ಈ ಸಲ ಎಲ್ಲಿಗೆ?’ ಎಂಬ ಮಾತು ಶುರುವಾಗಿರಬೇಕು. ಕಳೆದ ವರ್ಷ ನಮ್ಮ ಮನೆಯಲ್ಲಿ ಶುರುವಾದಾಗ ಏನಾಯಿತು ಎಂಬುದನ್ನು ಈ ವಾರ ಹೇಳುತ್ತೇನೆ. ಕಥೆಯ ಮಧ್ಯೆ ಸ್ವಲ್ಪ ಲೆಕ್ಕ ಬರುತ್ತದೆ, ಸ್ವಲ್ಪ ಭೂಗೋಳವೂ ಬರುತ್ತದೆ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ಮೇಷ್ಟ್ರು ನಾನು, ಬಿಟ್ಟರೂ ಬಿಡದೀ ಮಾಯೆ!

ನಮ್ಮ ಮನೆಯಲ್ಲಿ ಆರು ಜನ. ನಾನು, ಅಜ್ಜಿ, ಮಗ, ಸೊಸೆ, ಎಂಟನೇ ತರಗತಿಯ ಪುಟ್ಟಿ, ಐದನೇ ತರಗತಿಯ ಪುಟ್ಟ. ಚಿಕ್ಕಮಗಳೂರಿನ ಬೆಟ್ಟಗಳಿಗೆ ಹೋಗಿ ಡೇರೆ ಹಾಕಿ ಮಲಗಬೇಕೆಂಬುದು ಪುಟ್ಟನ ಹಟ. ‘ಹಾಗಾದರೆ ಯೋಜನೆ ನೀನೇ ಮಾಡು’ ಎಂದು ಅವರಪ್ಪ ಹೇಳಿದ. ಪುಟ್ಟ ಎರಡು ದಿನ ಕೂತು ಗೆರೆ ಹಾಳೆಯ ತುಂಬ ಬರೆದು ತಂದ. ಮೂರು ದಿನಕ್ಕೆ ಒಂಬತ್ತು ಜಾಗ. ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರ, ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ, ಕಲ್ಲತ್ತಿಗಿರಿ. ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು: ‘ಡೇರೆಯಲ್ಲಿ ಮಲಗುವವರು 5. ಅಜ್ಜಿ ಅತ್ತೆ ಮನೆಯಲ್ಲಿ.’

ಹುಡುಗ ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಅಜ್ಜಿಗೆ ಎಡ ಮೊಣಕಾಲು ನೋವು, ಸಂಧಿವಾತ. ನೆಲದಲ್ಲಿ ಕೂತರೆ ಏಳಲು ಒಬ್ಬರ ಕೈ ಬೇಕು. ‘ಅಜ್ಜೀ, ನಿನಗೆ ಕಷ್ಟ ಆಗಬಾರದು ಅಂತ’ ಎಂದ. ಅಜ್ಜಿಯೂ ನಕ್ಕು, ‘ಹೌದಪ್ಪಾ, ನನಗ್ಯಾಕೆ ಬೆಟ್ಟ? ನೀವು ಹೋಗಿ ಬನ್ನಿ’ ಎಂದು ಒಳಗೆ ಹೋದಳು. ಅಲ್ಲಿಗೆ ವಿಷಯ ಮುಗಿಯಿತು ಅಂತ ಎಲ್ಲರೂ ಅಂದುಕೊಂಡೆವು.

ಸ್ವಲ್ಪ ಹೊತ್ತಿಗೆ ಪುಟ್ಟಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: ‘ಅಜ್ಜ, ಅಜ್ಜಿ ಕಂದು ಸ್ವೆಟರ್ ತೆಗೆದು ಮಂಚದ ಮೇಲೆ ಇಟ್ಟಿದ್ದರು. ಈಗ ಮಡಚಿ ವಾಪಸ್ ಟ್ರಂಕಿಗೆ ಹಾಕಿದರು.’

ಆಗ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಅವರಿಗೆ ಗೊತ್ತಿರದ ಒಂದು ಸಂಗತಿ ಹೇಳಿದೆ. ನಿಮ್ಮ ಅಜ್ಜಿಯ ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಚಿಕ್ಕಮಗಳೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಅವರಿಗೆ ಕೆಲಸ. ಅಜ್ಜಿ ಹನ್ನೆರಡು ವರ್ಷದವಳಾಗುವ ತನಕ ಅಲ್ಲೇ ಬೆಳೆದಳು. ಬೆಳಗ್ಗೆ ಬಾವಿಕಟ್ಟೆಯಲ್ಲಿ ಮುಖ ತೊಳೆಯುವಾಗ ದಿನವೂ ಎದುರಿಗೆ ಮುಳ್ಳಯ್ಯನಗಿರಿ ಕಾಣುತ್ತಿತ್ತು. ಊರಿನ ಹುಡುಗರು ಗುಂಪು ಕಟ್ಟಿಕೊಂಡು ಹತ್ತಿ ಬರುತ್ತಿದ್ದರು, ಹೆಣ್ಣುಮಕ್ಕಳನ್ನು ಯಾರೂ ಕರೆಯುತ್ತಿರಲಿಲ್ಲ. ಆಮೇಲೆ ಅವರಪ್ಪನಿಗೆ ವರ್ಗವಾಯಿತು. ಈಗ ಅಜ್ಜಿಗೆ ಎಪ್ಪತ್ತು. ಐವತ್ತೆಂಟು ವರ್ಷದಿಂದ ಒಂದು ಬೆಟ್ಟ ಬಾಕಿ ಇದೆ.

ಪುಟ್ಟ ಏನೂ ಮಾತಾಡಲಿಲ್ಲ. ಹಾಳೆ ತೆಗೆದುಕೊಂಡು ಕೊನೆಯ ಸಾಲನ್ನು ರಬ್ಬರಿನಿಂದ ಉಜ್ಜಿ, ‘ಅಜ್ಜ, ಮೊದಲಿಂದ ಮಾಡೋಣ’ ಎಂದ.

ಅಲ್ಲಿಂದ ನಿಜವಾದ ಯೋಜನೆ ಶುರುವಾಯಿತು. ಬೆಟ್ಟದ ಪ್ರವಾಸವನ್ನು ಜೋರಾಗಿ ನಡೆಯುವವರಿಗೆ ತಕ್ಕಂತೆ ಹಾಕಿದರೆ ನಿಧಾನವಾಗಿ ನಡೆಯುವವರು ಮನೆಯಲ್ಲಿ ಉಳಿಯುತ್ತಾರೆ, ಇಲ್ಲವೇ ದಾರಿಯಲ್ಲಿ ಒದ್ದಾಡುತ್ತಾರೆ. ನಿಧಾನ ನಡೆಯುವವರಿಗೆ ತಕ್ಕಂತೆ ಹಾಕಿದರೆ ಎಲ್ಲರೂ ಹೋಗಿಬರಬಹುದು. ಜೋರಾಗಿ ಓಡುವವರಿಗೆ ಹೂವು ಹಕ್ಕಿ ನೋಡಲು ಸಮಯವೂ ಸಿಗುತ್ತದೆ.

ಮೊದಲು ನಡಿಗೆಯ ಲೆಕ್ಕ. ಬೆಟ್ಟದಲ್ಲಿ ಕಿಲೋಮೀಟರ್ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್‌ಲೆಂಡಿನ ಪರ್ವತಾರೋಹಿ 1892ರಲ್ಲೇ ಒಂದು ಸುಲಭ ಸೂತ್ರ ಕೊಟ್ಟಿದ್ದಾನೆ. ಅದನ್ನು ಇಂದಿನ ಅಳತೆಗೆ ತಂದರೆ ಹೀಗಾಗುತ್ತದೆ: ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 3 ಕಿಲೋಮೀಟರ್ ದಾರಿ, 300 ಮೀಟರ್ ಏರು ಅಂದುಕೊಳ್ಳಿ. ನಡಿಗೆಗೆ 36 ನಿಮಿಷ, ಏರಿಗೆ 30 ನಿಮಿಷ, ಒಟ್ಟು 66 ನಿಮಿಷ. ಇದು ಗಟ್ಟಿ ಕಾಲಿನ, ಎಲ್ಲೂ ನಿಲ್ಲದ ಜನರ ಲೆಕ್ಕ. ಮಕ್ಕಳು, ಮುದುಕರು ಇರುವ ಮನೆಯವರು ಅದನ್ನು ಇಮ್ಮಡಿ ಮಾಡಿಕೊಳ್ಳಬೇಕು. ಅಂದರೆ ಹತ್ತಲು ಸುಮಾರು ಎರಡೂಕಾಲು ಗಂಟೆ. ಇಳಿಯಲು ಬೇರೆ ಸಮಯ.

ಮುಳ್ಳಯ್ಯನಗಿರಿಗೆ ಒಂದು ಅನುಕೂಲವಿದೆ. ವಾಹನ ತುದಿಯ ಹತ್ತಿರದವರೆಗೆ ಹೋಗುತ್ತದೆ. ಅಲ್ಲಿಂದ ಮೇಲೆ ಗದ್ದುಗೆಯ ತನಕ ಮೆಟ್ಟಿಲು. ಆದರೆ ಅವು ಹತ್ತಿಪ್ಪತ್ತಲ್ಲ, ನೂರಾರು. ಅಜ್ಜಿಯನ್ನು ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಹೃದಯ, ರಕ್ತದೊತ್ತಡ ನೋಡಿ, ‘ಆರು ವಾರ ಅಭ್ಯಾಸ ಮಾಡಿ, ಕೋಲು ಹಿಡಿದು ನಿಧಾನವಾಗಿ ಹತ್ತಬಹುದು’ ಎಂದರು. ಮೆಟ್ಟಿಲಿನ ಗುಟ್ಟನ್ನೂ ಹೇಳಿಕೊಟ್ಟರು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನೋವು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಬೇಕು.

ನಮ್ಮ ಮನೆಯ ಮಹಡಿಗೆ 18 ಮೆಟ್ಟಿಲು. ಮೊದಲ ದಿನ ಅಜ್ಜಿ ಎರಡು ಸಲ ಹತ್ತಿ ಇಳಿದು ಸಾಕೆಂದಳು. ಪುಟ್ಟಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ‘36’ ಎಂದು ಬರೆದಳು. ಎರಡನೇ ವಾರ 90. ನಾಲ್ಕನೇ ವಾರ ಒಂದು ದಿನ ಕಾಲು ಊದಿತು, ಎರಡು ದಿನ ಬಿಡುವು. ಆರನೇ ವಾರದ ಕೊನೆಗೆ ನಡುನಡುವೆ ಕೂತು, ನೀರು ಕುಡಿದು 360. ಕೊತ್ತಂಬರಿ ತರಲು ಹೇಳಿದರೆ ಕೂಡ ‘ನಾನೇ ಹೋಗುತ್ತೇನೆ, ಮೆಟ್ಟಿಲು ಲೆಕ್ಕಕ್ಕೆ ಬರುತ್ತದೆ’ ಎನ್ನುತ್ತಿದ್ದಳು!

ಎರಡನೆಯದು ಜಾಗಗಳ ಪಟ್ಟಿ. ಒಂಬತ್ತರಲ್ಲಿ ಏಳನ್ನು ಹೊಡೆದು ಹಾಕಿದೆವು. ಪುಟ್ಟನ ಮುಖ ಸಣ್ಣದಾಯಿತು. ‘ನೋಡು, ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ಒಂದೂವರೆ ಗಂಟೆಗೊಮ್ಮೆ ಕಾರು ನಿಲ್ಲಿಸಿ ಅಜ್ಜಿ ಹತ್ತು ನಿಮಿಷ ಓಡಾಡಬೇಕು, ಇಲ್ಲದಿದ್ದರೆ ಮೊಣಕಾಲು ಮರದ ಕೊರಡಾಗುತ್ತದೆ. ಆ ದಿನ ಬೇಲೂರು ಬಿಟ್ಟರೆ ಇನ್ನೇನೂ ಬೇಡ. ಮರುದಿನ ಮುಳ್ಳಯ್ಯನಗಿರಿ. ಮೂರನೇ ದಿನ ಖಾಲಿ. ನಾಲ್ಕನೇ ದಿನ ವಾಪಸ್’ ಎಂದೆ.

‘ಖಾಲಿ ದಿನ ಯಾಕಜ್ಜ? ದುಡ್ಡು ದಂಡ!’

‘ಬೆಟ್ಟ ನಮ್ಮ ಹಾಳೆ ಓದಿರುವುದಿಲ್ಲ ಮಗು. ಮಳೆ ಬರಬಹುದು, ಮಂಜು ಕವಿಯಬಹುದು, ಯಾರಿಗಾದರೂ ಹೊಟ್ಟೆ ನೋಯಬಹುದು. ಖಾಲಿ ದಿನ ಅಂದರೆ ಬೆಟ್ಟಕ್ಕೆ ನಾವು ಕೊಡುವ ಮುಂಗಡ’ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಆ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೂರನೆಯದು ಮಲಗುವ ಜಾಗ. ಮಗ ಒಂದು ಕ್ಯಾರವಾನ್ ಬಾಡಿಗೆಗೆ ತರೋಣವೆಂದ. ಅಂದರೆ ಮಂಚ, ಅಡುಗೆ ಒಲೆ, ಶೌಚಾಲಯ ಎಲ್ಲವೂ ಇರುವ ಚಕ್ರದ ಮನೆ. ವಯಸ್ಸಾದವರಿಗೆ ಅದು ಒಳ್ಳೆಯದೇ, ರಾತ್ರಿ ಎದ್ದರೆ ಶೌಚಾಲಯ ನಾಲ್ಕು ಹೆಜ್ಜೆ. ಆದರೆ ನಾಲ್ಕು ಪ್ರಶ್ನೆ ಕೇಳಿಕೊಂಡೆವು. ಅಷ್ಟು ಉದ್ದ, ಎತ್ತರದ ಗಾಡಿ ಬೆಟ್ಟದ ತಿರುವುಗಳಲ್ಲಿ, ತೋಟದ ಮರಗಳ ಕೊಂಬೆಗಳ ಕೆಳಗೆ ಹೋಗುತ್ತದೆಯೇ? ರಾತ್ರಿ ನಿಲ್ಲಿಸಲು ಸಮತಟ್ಟಾದ, ಅನುಮತಿ ಇರುವ ಜಾಗ ಎಲ್ಲಿದೆ? ನೀರು ತುಂಬಿಸುವುದು ಎಲ್ಲಿ? ಕೊಳೆ ನೀರು ಖಾಲಿ ಮಾಡುವುದು ಎಲ್ಲಿ? ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಕ್ಯಾರವಾನ್ ತನ್ನಿ. ನಮಗೆ ಎರಡಕ್ಕೆ ಸಿಗಲಿಲ್ಲ. ಹಾಗಾಗಿ ಮಾಮೂಲಿ ಕಾರು, ಎರಡು ಡೇರೆ.

ಡೇರೆಯನ್ನು ಕಾಡಿನಲ್ಲಿ ಎಲ್ಲೆಂದರಲ್ಲಿ ಹಾಕುವಂತಿಲ್ಲ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದು ಅಪರಾಧ. ಆನೆ, ಕಾಟಿ, ಚಿರತೆ ಓಡಾಡುವ ಸೀಮೆಯದು. ಭದ್ರಾ ಹುಲಿ ಮೀಸಲು ಪ್ರದೇಶ ಇರುವುದೂ ಇದೇ ಬೆಟ್ಟಸಾಲಿಗೆ ತಾಗಿಕೊಂಡೇ. ನಾವು ಕಾಫಿ ತೋಟದ ಒಂದು ಹೋಂಸ್ಟೇಯವರನ್ನು ಕೇಳಿ, ಅವರ ಅಂಗಳದಲ್ಲೇ ಡೇರೆ ಹಾಕಿಕೊಂಡೆವು. ಶೌಚಾಲಯಕ್ಕೆ ಮೂವತ್ತು ಹೆಜ್ಜೆ, ಮಳೆ ಬಂದರೆ ಜಗಲಿಗೆ ಇಪ್ಪತ್ತು ಹೆಜ್ಜೆ. ಪುಟ್ಟ ಅಳೆದು ಹೇಳಿದ. ‘ಇದು ನಿಜವಾದ ಕ್ಯಾಂಪಿಂಗಾ?’ ಎಂದು ಅವನಿಗೆ ಅನುಮಾನ. ರಾತ್ರಿ ಎಂಟಕ್ಕೆ ಕತ್ತಲಲ್ಲಿ ಯಾವುದೋ ಹಕ್ಕಿ ‘ಊಂ’ ಅಂದಾಗ ನನ್ನ ಕೈ ಹಿಡಿದುಕೊಂಡ. ಅಲ್ಲಿಗೆ ನಿಜವೆಂದು ಒಪ್ಪಿಗೆಯಾಯಿತು.

ಅಜ್ಜಿಗೆ ಡೇರೆಯೊಳಗೆ ಒಂದು ಮಡಚುವ ಮಂಚ ಹಾಕಿದೆವು. ನೆಲದಿಂದ ಏಳುವುದು ಕಷ್ಟವಿದ್ದವರಿಗೆ ಈ ಒಂದು ವಸ್ತು ಇದ್ದರೆ ಅರ್ಧ ಸಮಸ್ಯೆ ಹೋದಂತೆ. ಡೇರೆ ಹಾಕುವಾಗ ಮೂರು ವಿಷಯ ನೋಡಿ. ತಲೆಯ ಮೇಲೆ ಒಣಕೊಂಬೆ ಇರಬಾರದು. ಮಳೆನೀರು ಹರಿಯುವ ತಗ್ಗಿನಲ್ಲಿ ಇರಬಾರದು. ಬಾಗಿಲು ಗಾಳಿಗೆ ಎದುರಾಗಿರಬಾರದು. ನೆಲದಲ್ಲಿ ಮಲಗುವವರು ಹೊದೆಯುವುದಕ್ಕಿಂತ ಹಾಸುವುದರ ಕಡೆ ಹೆಚ್ಚು ಗಮನ ಕೊಡಬೇಕು. ಚಳಿ ಮೇಲಿನಿಂದ ಬರುವಷ್ಟೇ ನೆಲದಿಂದಲೂ ಬರುತ್ತದೆ. ನಮ್ಮ ಹಳೆಯ ಕರಿ ಕಂಬಳಿಗಳನ್ನು ಕೆಳಗೆ ಹಾಸಿದೆವು.

ಚಳಿ ಎಷ್ಟಿರುತ್ತದೆ ಎಂದು ಮನೆಯಲ್ಲೇ ಲೆಕ್ಕ ಹಾಕಬಹುದು. ಮಕ್ಕಳೇ, ಪೆನ್ಸಿಲ್ ಹಿಡಿಯಿರಿ. ಸಾವಿರ ಮೀಟರ್ ಮೇಲೆ ಹೋದರೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ವ್ಯತ್ಯಾಸ 1,010. ಬೆಂಗಳೂರಿನಲ್ಲಿ ಬೆಳಗ್ಗೆ 20 ಡಿಗ್ರಿ ಇದ್ದರೆ ಶಿಖರದಲ್ಲಿ ಸುಮಾರು 13. ಅದರ ಮೇಲೆ ಗಾಳಿ ಬೀಸಿದರೆ ಮೈಗೆ ಇನ್ನೂ ಕಡಿಮೆ ಅನ್ನಿಸುತ್ತದೆ. ಪುಟ್ಟಿ ಈ ಲೆಕ್ಕ ಮಾಡಿ ತೋರಿಸಿದ ದಿನವೇ ಕಂದು ಸ್ವೆಟರ್ ಟ್ರಂಕಿನಿಂದ ಹೊರಗೆ ಬಂತು.

ಚಳಿಯ ಮಾತಿನಲ್ಲಿ ಹಿರಿಯರಿಗೆ ಒಂದು ಗಟ್ಟಿ ಎಚ್ಚರಿಕೆ ಹೇಳಬೇಕು. ಅಜ್ಜಿ, ‘ಒಂದು ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಡೇರೆಯೊಳಗೆ ಇಟ್ಟರಾಯಿತು, ನಮ್ಮ ಕಾಲದಲ್ಲಿ ಹಾಗೇ ಮಾಡುತ್ತಿದ್ದೆವು’ ಎಂದಳು. ನಾನು ಖಂಡಿತ ಬೇಡವೆಂದೆ. ನಮ್ಮ ಕಾಲದ ಮನೆಗಳಿಗೆ ಹೆಂಚಿನ ಸಂದು, ಗವಾಕ್ಷಿ ಇದ್ದವು. ಡೇರೆ ಮುಚ್ಚಿದ ಚೀಲದಂತೆ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುತ್ತಾರೆ. ಡೇರೆಯೊಳಗೆ ಕೆಂಡ, ಗ್ಯಾಸ್ ಒಲೆ ಯಾವುದೂ ಬೇಡ. ಕಿಟಕಿ ಮುಚ್ಚಿ ಎಂಜಿನ್ ಚಾಲೂ ಇಟ್ಟು ಕಾರಿನಲ್ಲಿ ಮಲಗುವುದೂ ಬೇಡ. ಬಿಸಿನೀರಿನ ಚೀಲ ಸಾಕು. ಅಜ್ಜಿ ಬಿಸಿನೀರಿನ ಚೀಲ ತಬ್ಬಿಕೊಂಡು ಎಲ್ಲರಿಗಿಂತ ಮೊದಲು ಗೊರಕೆ ಹೊಡೆದಳು.

ಇನ್ನೊಂದು ಎಚ್ಚರಿಕೆ, ವಿಶೇಷವಾಗಿ ಕ್ರಿಸ್‌ಮಸ್ ರಜೆಯಲ್ಲಿ ಅಥವಾ ಬೇಸಿಗೆಯಲ್ಲಿ ಮಲೆನಾಡಿಗೆ ಹೋಗುವವರಿಗೆ. ಮಂಗನ ಕಾಯಿಲೆಯ ಹೆಸರು ಕೇಳಿರುತ್ತೀರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು. ಸೋಂಕು ತಗುಲಿದ ಉಣ್ಣೆ ಕಚ್ಚುವುದರಿಂದ ಬರುತ್ತದೆ. ಸುಮಾರು ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ತರಗೆಲೆಯ ಮೇಲೆ ಕೂರಬಾರದು. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಮೈಯನ್ನೆಲ್ಲ ಪರೀಕ್ಷಿಸಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ‘ಮಲೆನಾಡಿಗೆ ಹೋಗಿದ್ದೆವು’ ಎಂದು ವೈದ್ಯರಿಗೆ ಮೊದಲೇ ಹೇಳಿ. ಮಳೆಗಾಲದ ಇಂಬಳ ಇದರ ಮುಂದೆ ಪಾಪದ ಪ್ರಾಣಿ. ರಕ್ತ ಕುಡಿದು ತಾನೇ ಬೀಳುತ್ತದೆ.

ಘಟ್ಟದ ರಸ್ತೆಗೂ ನಮ್ಮ ಮನೆಯಲ್ಲಿ ಕಾನೂನು ಮಾಡಿಕೊಂಡೆವು. ಯಾವ ಗೇರಿನಲ್ಲಿ ಹತ್ತುತ್ತೀರೋ ಸುಮಾರು ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕನ್ನೇ ಒತ್ತುತ್ತಾ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಮೇಲೇರುವ ವಾಹನಕ್ಕೆ ದಾರಿ ಬಿಡಬೇಕು. ಮಂಜಿನಲ್ಲಿ ದೀಪವನ್ನು ತಗ್ಗಿಸಬೇಕು. ಏಕೆ ಗೊತ್ತೇ? ಮಂಜು ಅಂದರೆ ಸಣ್ಣ ಸಣ್ಣ ನೀರಹನಿಗಳು. ಎತ್ತರದ ದೀಪದ ಬೆಳಕು ಅವುಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ಸಾಗುತ್ತದೆ, ಎದುರಿಗೆ ಬಿಳಿ ಗೋಡೆ ನಿಂತಂತಾಗುತ್ತದೆ. ಸಂಜೆ ನಾಲ್ಕಕ್ಕೆ ಮುಂಚೆ ತಂಗುವ ಜಾಗ ಸೇರಬೇಕೆಂಬುದು ಕೊನೆಯ ಕಾನೂನು.

ಮೊಬೈಲ್ ಇದೆಯಲ್ಲ ಎಂದು ನಂಬಬೇಡಿ. ಬೆಟ್ಟದ ಸಂದುಗಳಲ್ಲಿ ಸಿಗ್ನಲ್ ಇರುವುದಿಲ್ಲ. ಪುಟ್ಟಿ ಎರಡು ಚೀಟಿ ಬರೆದಳು. ಒಂದು ಪಕ್ಕದ ಮನೆಯವರಿಗೆ: ಯಾವ ದಿನ ಎಲ್ಲಿರುತ್ತೇವೆ, ಕಾರಿನ ನಂಬರು, ಯಾವ ಹೊತ್ತಿಗೆ ಫೋನ್ ಮಾಡುತ್ತೇವೆ, ಮಾಡದಿದ್ದರೆ ಯಾರಿಗೆ ತಿಳಿಸಬೇಕು. ಇನ್ನೊಂದು ನಮ್ಮ ಕಾರಿನಲ್ಲಿ: ಹತ್ತಿರದ ಆಸ್ಪತ್ರೆ, ತುರ್ತು ಸಂಖ್ಯೆ 112, ಅಜ್ಜ ಅಜ್ಜಿಯ ಮಾತ್ರೆಗಳ ಹೆಸರು. ಮಾತ್ರೆಗಳನ್ನು ಎರಡು ಕಟ್ಟು ಮಾಡಿ ಎರಡು ಚೀಲದಲ್ಲಿಟ್ಟೆವು. ಒಂದು ಚೀಲ ಕಳೆದರೂ ರಕ್ತದೊತ್ತಡ ಕಾಯುವುದಿಲ್ಲವಲ್ಲ!

ಇಷ್ಟೆಲ್ಲಾ ಆದ ಮೇಲೆ ಹಾಳೆಯ ಮೇಲ್ತುದಿಯಲ್ಲಿ ನಾನು ಕೆಂಪು ಪೆನ್ನಿನಲ್ಲಿ ಒಂದು ಸಾಲು ಬರೆದೆ. ‘ಹಿಂತಿರುಗುವ ಹೊತ್ತು: ಬೆಳಗ್ಗೆ 11. ಮಂಜು ಕವಿದರೆ ಅದಕ್ಕೂ ಮುಂಚೆ.’ ಇದರ ಹಿಂದೆ ಒಂದು ಹಳೆಯ ನೋವಿದೆ. ನನ್ನ ಮಗ ಆರು ವರ್ಷದವನಿದ್ದಾಗ ಒಂದು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಅಜ್ಜಿ ‘ಸಾಕು, ಹೋಗೋಣ’ ಎಂದರೂ ಸೂರ್ಯಾಸ್ತ ನೋಡಿಯೇ ಹೋಗೋಣವೆಂದು ಹಟ ಮಾಡಿದವನು ನಾನು. ಕತ್ತಲಾಯಿತು. ಟಾರ್ಚಿನ ಶೆಲ್ ಮುಗಿದಿತ್ತು. ನಡುಗುತ್ತಿದ್ದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಕಲ್ಲು ಕಲ್ಲು ತಡವುತ್ತಾ ಮೂರು ಗಂಟೆ ಇಳಿದೆವು. ಏನೂ ಆಗಲಿಲ್ಲ, ಅದು ದೇವರ ದಯೆ. ನನ್ನ ಜಾಣತನವಲ್ಲ. ಅಂದಿನಿಂದ ಹಿಂತಿರುಗುವ ಹೊತ್ತನ್ನು ಕೆಳಗಿರುವಾಗಲೇ, ತಲೆ ತಣ್ಣಗಿರುವಾಗಲೇ ಬರೆದುಕೊಳ್ಳುತ್ತೇನೆ. ಮೇಲೆ ಹೋದ ಮೇಲೆ ಆಸೆ ಲೆಕ್ಕ ಕೇಳುವುದಿಲ್ಲ.

ಸರಿ, ಹೊರಟೆವು. ಮೊದಲ ದಿನ ಬೇಲೂರು ನೋಡಿ, ನಾಲ್ಕರೊಳಗೆ ತೋಟ ಸೇರಿದೆವು. ಎರಡನೇ ದಿನ ಬೆಳಗ್ಗೆ ತಿಂಡಿ ತಡವಾಯಿತು, ಪುಟ್ಟನ ಶೂ ಒಂದು ಸಿಗಲಿಲ್ಲ, ದಾರಿಯಲ್ಲಿ ರಜೆಯ ವಾಹನಗಳ ಸಾಲು. ಮೆಟ್ಟಿಲಿನ ಬುಡ ತಲುಪಿದಾಗ ಹತ್ತೂಕಾಲು. ಅಜ್ಜಿ ಕೋಲು ಹಿಡಿದು ಶುರು ಮಾಡಿದಳು. ಹತ್ತು ಮೆಟ್ಟಿಲು, ಒಂದು ನಿಮಿಷ ವಿಶ್ರಾಂತಿ. ಪುಟ್ಟಿ ಎಣಿಸುತ್ತಿದ್ದಳು. ನೂರಾ ಎಪ್ಪತ್ತಕ್ಕೆ ಬಂದಾಗ ಕಣಿವೆಯಿಂದ ಮಂಜು ಎದ್ದು ಬಂತು. ಎರಡೇ ನಿಮಿಷದಲ್ಲಿ ಮೇಲಿನ ಮೆಟ್ಟಿಲು ಕಾಣಲಿಲ್ಲ. ಹನಿ ಶುರುವಾಗಿ ಕಲ್ಲು ಜಾರತೊಡಗಿತು.

ಎಲ್ಲರೂ ಅಜ್ಜಿಯ ಮುಖ ನೋಡಿದೆವು. ಗಡಿಯಾರದಲ್ಲಿ ಇನ್ನೂ 10.40. ನನಗೇ ಬಾಯಿ ಬರಲಿಲ್ಲ. ಅಜ್ಜಿ ಮೇಲೆ ಒಂದು ಸಲ ನೋಡಿ, ‘ಕೆಂಪು ಪೆನ್ನಿನಲ್ಲಿ ಏನು ಬರೆದಿದ್ದೀರಿ? ನಡೀರಿ ಕೆಳಗೆ’ ಎಂದಳು.

ಪುಟ್ಟ ಅತ್ತುಬಿಟ್ಟ. ‘ಇನ್ನು ಸ್ವಲ್ಪವೇ ಇದೆ ಅಜ್ಜೀ, ನಾನು ಕೈ ಹಿಡಿದುಕೊಳ್ಳುತ್ತೇನೆ!’

‘ಹತ್ತಲು ನೀನು ಕೈ ಹಿಡಿಯುತ್ತೀಯ. ಜಾರಿದರೆ ಇಬ್ಬರನ್ನೂ ಹಿಡಿಯುವವರು ಯಾರು?’ ಎಂದಳು ಅಜ್ಜಿ. ನೋವಿನ ಕಾಲು ಮೊದಲು ಇಡುತ್ತಾ, ಮೆಲ್ಲಗೆ ಇಳಿದೆವು. ಆ ಸಂಜೆ ಡೇರೆಯ ಹತ್ತಿರ ಯಾರೂ ಹೆಚ್ಚು ಮಾತಾಡಲಿಲ್ಲ. ಪುಟ್ಟ ತನ್ನ ಹಾಳೆ ತೆಗೆದು ನೋಡುತ್ತಾ ಕೂತಿದ್ದವನು ಇದ್ದಕ್ಕಿದ್ದಂತೆ ಎದ್ದು ಕೂಗಿದ: ‘ಅಜ್ಜ! ನಾಳೆ ಖಾಲಿ ದಿನ!’

ಅವತ್ತು ರಾತ್ರಿಯೇ ಬುತ್ತಿ ಕಟ್ಟಿದೆವು. ಶೂಗಳನ್ನು ಜೋಡಿಸಿ ಇಟ್ಟದ್ದು ಪುಟ್ಟನೇ. ಮೇಲಿನ ತಪಾಸಣೆಯ ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ತೋಟದವರನ್ನು ಕೇಳಿ, ಆ ಹೊತ್ತಿಗೆ ಸರಿಯಾಗಿ ಅಲ್ಲಿದ್ದೆವು. (ನೀವು ಹೋಗುವ ಮುನ್ನ ವಾಹನಗಳಿಗೆ ಮಿತಿ ಇದೆಯೇ, ಮುಂಗಡ ನೋಂದಣಿ ಬೇಕೇ ಎಂದು ಕೇಳಿಕೊಳ್ಳಿ. ಈ ನಿಯಮಗಳು ಬದಲಾಗುತ್ತಿರುತ್ತವೆ.) ರಸ್ತೆ ಖಾಲಿ, ಆಕಾಶ ತೊಳೆದಿಟ್ಟಂತೆ. ಹತ್ತು ಮೆಟ್ಟಿಲು, ಒಂದು ನಿಮಿಷ. ನೂರಾ ಎಪ್ಪತ್ತನೇ ಮೆಟ್ಟಿಲಿನಲ್ಲಿ ಪುಟ್ಟ, ‘ನಿನ್ನೆ ಇಲ್ಲಿಗೇ ಔಟ್ ಆಗಿದ್ದು’ ಎಂದ. ಅಜ್ಜಿ ನಕ್ಕು ಮುಂದೆ ಹೋದಳು. ಮುನ್ನೂರರ ಹತ್ತಿರ ಹದಿನೈದು ನಿಮಿಷ ಕೂತಳು. ಆಗ ನನಗೆ ಭಯವಾಯಿತು. ‘ಸಾಕಾ?’ ಎಂದೆ. ‘ನೋವಿಲ್ಲ, ಉಸಿರು ಮಾತ್ರ’ ಎಂದು ನೀರು ಕುಡಿದು ಎದ್ದಳು.

ಒಂಬತ್ತಕ್ಕೆ ಹತ್ತು ನಿಮಿಷ ಇದ್ದಾಗ ಅಜ್ಜಿ ಮೇಲಿದ್ದಳು. ಗದ್ದುಗೆಗೆ ಕೈಮುಗಿದು, ಗೋಡೆ ಹಿಡಿದು ನಿಂತು ಕೆಳಗೆ ನೋಡಿದಳು. ಹಸಿರು ಬೆಟ್ಟಗಳು, ತೋಟಗಳು, ದೂರದಲ್ಲಿ ಬಿಳಿ ಚುಕ್ಕಿಗಳಂತೆ ಊರುಗಳು. ಬಹಳ ಹೊತ್ತು ಹುಡುಕಿದಳು. ಪುಟ್ಟಿ ನಕ್ಷೆ ಬಿಡಿಸಿ ದಿಕ್ಕು ತೋರಿಸಿದಳು. ಆದರೂ ಸಿಗಲಿಲ್ಲ.

‘ಅಲ್ಲಿಂದ ಇದು ಎಷ್ಟು ಚೆನ್ನಾಗಿ ಕಾಣುತ್ತಿತ್ತು. ಇಲ್ಲಿಂದ ಅದು ಕಾಣುವುದೇ ಇಲ್ಲ ನೋಡು’ ಎಂದಳು. ಬೇಸರದಿಂದ ಹೇಳಿದ್ದಲ್ಲ. ಕಂದು ಸ್ವೆಟರಿನ ತೋಳಿನಿಂದ ಕಣ್ಣು ಒರೆಸಿಕೊಂಡು, ಪುಟ್ಟನಿಗೆ ಒಂದು ಚಕ್ಕುಲಿ ಕೊಟ್ಟಳು. ಅವನು ಚಕ್ಕುಲಿ ತಿಂದು, ಪ್ಲಾಸ್ಟಿಕ್ ಕವರನ್ನು ಮಡಚಿ ಜೇಬಿಗೆ ಹಾಕಿಕೊಂಡ. ಮೇಲೆ ತಂದದ್ದೆಲ್ಲ ಕೆಳಗೆ ವಾಪಸ್ಸು ಎಂಬ ಕಾನೂನಿಗೆ ಅವನೇ ಪೊಲೀಸು.

ಈ ವಾರದ ಕೆಲಸ: ಮಕ್ಕಳೇ, ರಜೆಯ ಹಾಳೆ ಬರೆಯಲು ಕೂರುವ ಮುನ್ನ ಅಜ್ಜ ಅಜ್ಜಿಯ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ. ‘ನೀವು ನೋಡಬೇಕೆಂದು ನೋಡದೆ ಉಳಿದ ಜಾಗ ಯಾವುದು?’ ‘ನಿಮಗೆ ನಿಲ್ಲದೆ ಎಷ್ಟು ಮೆಟ್ಟಿಲು ಹತ್ತಲು ಆಗುತ್ತದೆ?’ ಎರಡು ಉತ್ತರವನ್ನೂ ಹಾಳೆಯ ಮೊದಲ ಸಾಲಿನಲ್ಲಿ ಬರೆಯಿರಿ. ಉಳಿದದ್ದು ಅದರ ಕೆಳಗೆ ಬರಲಿ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಕೆಲಸವಿದೆ. ‘ನನಗ್ಯಾಕೆ, ನೀವು ಹೋಗಿ ಬನ್ನಿ’ ಎಂದು ಹೇಳುವ ಮುನ್ನ ಒಂದು ದಿನ ತಡೆಯಿರಿ. ಅಷ್ಟರಲ್ಲಿ ಮನೆಯ ಮೆಟ್ಟಿಲು ಎಣಿಸಿ ನೋಡಿ.

ಮುಂದಿನ ವಾರ ಮತ್ತೆ ಸಿಗೋಣ.

ನಿಮ್ಮ ಪ್ರೀತಿಯ
ಮೇಷ್ಟ್ರಜ್ಜ